ಚೊಂಬಿನಲ್ಲಿ ಉಳಿದ ನೀರು

ಟೊಮೆಟೊ ನಮ್ಮ ಅಡುಗೆಮನೆಗೆ ಬಂದದ್ದು ಅಜ್ಜಿಯ ಕಾಲದಲ್ಲಿ, ತಾರಸಿ ಹತ್ತಿದ್ದು ನನ್ನ ಕಾಲದಲ್ಲಿ. ನಡುವೆ ಅರವತ್ತು ವರ್ಷವಾದರೂ ಕಳೆದಿರಬೇಕು. ಅಜ್ಜಿ ಅದನ್ನು ಕೊನೆಯವರೆಗೂ ಚಪ್ಪರಬದನೆ ಎಂದೇ ಕರೆದಳು, ಅದೂ ಕೊಂಚ ಮೂಗು ಮುರಿದೇ. ಬದನೆಯ ದಾಯಾದಿ ಎಂಬ ಅವಳ ಲೆಕ್ಕವನ್ನು ಸಸ್ಯಶಾಸ್ತ್ರವೂ ಒಪ್ಪುತ್ತದೆ. ಎರಡೂ ಸೊಲಾನಮ್ ಕುಲದವು. ಆಂಡಿಸ್ ಸೀಮೆಯಲ್ಲಿ ಹುಟ್ಟಿ, ಮೆಕ್ಸಿಕೋದಲ್ಲಿ ಪಳಗಿ, ಪೋರ್ಚುಗೀಸರ ಹಡಗು ಹತ್ತಿ ಬಂದ ಈ ಕೆಂಪು ಅತಿಥಿಯನ್ನು ಅಜ್ಜಿ ದಿನದ ಸಾರಿಗೆ ಸೇರಿಸಿಕೊಂಡಳೇ ಹೊರತು ಮಡಿಯಡುಗೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಶ್ರಾದ್ಧದ ದಿನ ಟೊಮೆಟೊ ಇಲ್ಲ, ಆಲೂಗೆಡ್ಡೆ ಇಲ್ಲ, ಮೆಣಸಿನಕಾಯಿ ಇಲ್ಲ. ಖಾರಕ್ಕೆ ಕಾಳುಮೆಣಸೇ ಗತಿ. ಕೊಲಂಬಸ್ ಯಾರೆಂದು ಅಜ್ಜಿಗೆ ಗೊತ್ತಿರಲಿಲ್ಲ. ಆದರೂ ಅವನು ದಾರಿ ತೋರಿಸಿದ ಕಡೆಯಿಂದ ಬಂದ ತರಕಾರಿಗಳನ್ನು ಒಂದೊಂದಾಗಿ ಗುರುತು ಹಿಡಿದು ಹೊರಗೆ ಕೂರಿಸಿದ್ದಳು.

ಅವಳ ಮಗ, ಅಂದರೆ ನಮ್ಮಪ್ಪ, ಟೊಮೆಟೊ ಗೊಜ್ಜಿಗೆ ತಮ್ಮನ್ನೇ ಬರೆದುಕೊಟ್ಟಿದ್ದವರು. ಹುಳಿ ಹುಳಿಯಾದ ನಾಟಿ ಹಣ್ಣು, ಸಾಸಿವೆ ಇಂಗಿನ ಒಗ್ಗರಣೆ, ಒಂದು ಚೂರು ಬೆಲ್ಲ, ಬಾಣಲೆಯಲ್ಲಿ ಎಣ್ಣೆ ಬಿಡುವ ತನಕ ಬಾಡಿಸಿದ್ದು. ಬಿಸಿ ಅನ್ನಕ್ಕೂ ಅದೇ, ದೋಸೆಗೂ ಅದೇ, ಏನೂ ಇಲ್ಲದಿದ್ದರೆ ಬರಿ ಬೆರಳಿಗೂ ಅದೇ. ಯಾರಾದರೂ ಫಾರಂ ಟೊಮೆಟೊ ತಂದರೆ ಕೈಯಲ್ಲಿ ತೂಗಿ ನೋಡಿ, "ಕ್ರಿಕೆಟ್ ಆಡೋಕೆ ಸರಿಹೋಗತ್ತೆ" ಎಂದು ಕೆಳಗಿಡುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಗೊಜ್ಜು ಮಾಡುವುದನ್ನು ಬಿಡಲಿಲ್ಲ, ಕಡಿಮೆ ಮಾಡಿದಳು.

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತು. ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸು 2,000 ಮೀರಿದ ಸುದ್ದಿ ಪತ್ರಿಕೆಯ ಮೊದಲ ಪುಟಕ್ಕೆ ಬಂತು. ರೈತರು ಹೊಲಕ್ಕೆ ರಾತ್ರಿ ಕಾವಲು ಕೂತರು. ತರಕಾರಿ ಗಾಡಿಯವನು ಎರಡೇ ಎರಡು ಹಣ್ಣು ತೂಗಿ ಕೊಟ್ಟಾಗ ನನ್ನೊಳಗಿನ ರೈತ ಎದ್ದು ಕೂತ. ನಮ್ಮದು ಹನುಮಂತನಗರದ ಹಳೆಯ ಮನೆ. ಹದಿನಾರು ಮೆಟ್ಟಿಲು ಹತ್ತಿದರೆ ತಾರಸಿ, ಅಲ್ಲಿ ಅಮ್ಮನ ತುಳಸಿ ಕುಂಡ, ಬಟ್ಟೆ ಹಗ್ಗ, ಮಿಕ್ಕಿದ್ದೆಲ್ಲ ಬಿಸಿಲು. ಟೊಮೆಟೊಗೆ ದಿನಕ್ಕೆ ಆರು ತಾಸು ಬಿಸಿಲು ಸಾಕಂತೆ. ನಮ್ಮಲ್ಲಿ ಎಂಟು ತಾಸಿನದು ಪುಕ್ಕಟೆ ಬೀಳುತ್ತಿತ್ತು. ಇನ್ನೇನು ಬೇಕು?

ಬೇಕಾದದ್ದು ಇನ್ನೂ ಬಹಳ ಇತ್ತೆಂದು ತಿಳಿಯಲು ಒಂದು ವರ್ಷ ಹಿಡಿಯಿತು.

ಮೊದಲ ಸಲ ಬಿತ್ತಿದ ಬೀಜ ಆರನೆಯ ದಿನ ಮೊಳೆತು, ಎರಡೆರಡು ಎಲೆ ಜೋಡಿಸಿಕೊಂಡು ನಮಸ್ಕಾರ ಮಾಡುವ ಹಾಗೆ ನಿಂತವು. ಎಳೆಯ ಮಕ್ಕಳಿಗೆ ಬಾಯಾರಿಕೆಯಾದೀತೆಂದು ಹೊತ್ತುಹೊತ್ತಿಗೂ ನೀರು ಚಿಮುಕಿಸಿದೆ. ಒಂದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಸಾಷ್ಟಾಂಗ ಬಿದ್ದಿವೆ. ಬುಡದಲ್ಲಿ ಕಾಂಡ ನೂಲಿನಷ್ಟು ಸಣ್ಣಗಾಗಿ, ಯಾರೋ ಚಿವುಟಿದ ಹಾಗೆ. ಎದುರುಮನೆಯಲ್ಲಿ ಕೋಲಾರ ಜಿಲ್ಲೆಯ ಯಜಮಾನರೊಬ್ಬರಿದ್ದಾರೆ. ಮೂವತ್ತು ವರ್ಷ ಟೊಮೆಟೊ ಬೆಳೆದು ಈಗ ಮಗನ ಮನೆಯಲ್ಲಿ ವಿಶ್ರಾಂತಿಯಲ್ಲಿರುವವರು. ಬಂದು ನೋಡಿ, ಮಣ್ಣನ್ನು ಬೆರಳಲ್ಲಿ ಹಿಚುಕಿ, "ಸಸಿ ಕೊಳೆ ಸಾರ್. ಬಾಯಾರಿಕೆಯಿಂದ ಸತ್ತಿಲ್ಲ, ಕುಡಿಸಿ ಕುಡಿಸಿ ಸಾಯಿಸಿದ್ದೀರಿ" ಅಂದರು. ಒದ್ದೆ ಮಣ್ಣಿನಲ್ಲಿ, ಗಾಳಿಯಾಡದ ಕಡೆ, ಒತ್ತೊತ್ತಾಗಿ ಬಿತ್ತಿದ ಸಸಿಯ ಬುಡಕ್ಕೆ ಶಿಲೀಂಧ್ರ ಹತ್ತುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು, ಬೀಜಕ್ಕೂ ಬೀಜಕ್ಕೂ ಅಂತರ, ಬೆಳಗಿನ ಬಿಸಿಲು: ಇದಿಷ್ಟೇ ಮದ್ದು.

ಎರಡನೆಯ ಸಲ ನರ್ಸರಿಯಿಂದ ಸಸಿಯನ್ನೇ ತಂದೆ. ಯಜಮಾನರು ಹೇಳಿದಂತೆ ಕೆಳಗಿನ ಎಲೆ ಕಿತ್ತು, ಕಾಂಡದ ಅರ್ಧ ಭಾಗ ಮಣ್ಣೊಳಗೆ ಹೋಗುವಷ್ಟು ಆಳಕ್ಕೆ ನೆಟ್ಟೆ. ಟೊಮೆಟೊ ಕಾಂಡಕ್ಕೆ ಮಣ್ಣು ತಾಕಿದ ಕಡೆಯಲ್ಲೆಲ್ಲ ಬೇರು ಬರುತ್ತದೆ. ಬದುಕುವ ಆಸೆ ಅಷ್ಟಿದೆ ಅದಕ್ಕೆ. ಚೆನ್ನಾಗಿಯೇ ಎದ್ದವು. ಆಮೇಲೆ ಒಂದು ಗಿಡದ ತುದಿ ಎಲೆಗಳು ಹಳದಿಯಾಗಿ, ಕಿರಿದಾಗಿ, ಹಪ್ಪಳ ಎಣ್ಣೆಗೆ ಬಿದ್ದಂತೆ ಮುರುಟಿಕೊಂಡವು. ಗಿಡ ಬೆಳೆಯುವುದನ್ನೇ ನಿಲ್ಲಿಸಿತು. ಅಲುಗಿಸಿದರೆ ಎಲೆಯಡಿಯಿಂದ ಬಿಳಿ ಪುಡಿಯಂಥ ನೊಣಗಳು ಹಾರಿ ಮತ್ತೆ ಅಲ್ಲೇ ಕೂತವು.

ಅದು ಎಲೆ ಮುರುಟು ರೋಗ. ಬಿಳಿನೊಣ ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ವೈರಸ್ಸನ್ನು ದಾಟಿಸುತ್ತದೆ. ಇದರ ಬಗ್ಗೆ ಓದುತ್ತಾ ಹೋದಾಗ ಒಂದು ವಿಷಯ ತಿಳಿದು ನಗಬೇಕೋ ಬೇಸರಪಡಬೇಕೋ ತಿಳಿಯಲಿಲ್ಲ. ಈ ಮುರುಟು ವೈರಸ್ಸುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರಲ್ಲೇ 'ಬ್ಯಾಂಗಲೋರ್' ಇದೆ! ಊರಿನ ಹೆಸರು ಬೆಂಗಳೂರಾದರೂ ವೈರಸ್ಸು ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಬದನೆಗೆ, ದ್ರಾಕ್ಷಿಗೆ, ಬೆಲ್ಲಕ್ಕೆ ಊರಿನ ಹೆಸರು ಅಂಟುವುದು ಹೆಮ್ಮೆ; ನಮ್ಮೂರಿನ ಪಾಲಿಗೆ ಬಂದ ಕೀರ್ತಿಗಳಲ್ಲಿ ಇದೂ ಒಂದು. ವೈರಸ್ ಹೊಕ್ಕ ಗಿಡಕ್ಕೆ ಮದ್ದಿಲ್ಲ, ಕಿತ್ತು ಚೀಲಕ್ಕೆ ತುಂಬಿ ಆಚೆ ಹಾಕುವುದೇ. ಉಳಿದವನ್ನು ಕಾಯಲು ಹಳದಿ ಅಂಟು ಹಾಳೆ ನೇತುಹಾಕಬೇಕು, ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆಯಬೇಕು. ಎಲೆ ಮೇಲಕ್ಕೆ ಸುರುಳಿಯಾಗಿ, ಆದರೆ ಹಸಿರಾಗಿಯೇ ಇದ್ದರೆ ಗಾಬರಿ ಬೇಡ; ಅದು ಬಿಸಿಲಿಗೆ ಗಿಡ ಕೊಡೆ ಮಡಚಿಕೊಂಡದ್ದು ಅಷ್ಟೇ. ಈ ಎರಡರ ವ್ಯತ್ಯಾಸ ತಿಳಿಯದೆ ನಾನು ಒಂದು ಒಳ್ಳೆಯ ಗಿಡವನ್ನೂ ಕಿತ್ತೆಸೆದಿದ್ದೆ.

ಮೂರನೆಯ ಸಲದ್ದು ಇನ್ನೊಂದು ಕತೆ. ಗಿಡ ಚೆನ್ನಾಗಿತ್ತು, ಹೂವೂ ಗೊಂಚಲು ಗೊಂಚಲಾಗಿ ಬಿಟ್ಟಿತು. ಆದರೆ ಅದು 2024ರ ಏಪ್ರಿಲ್, ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿದ ತಿಂಗಳು. ಹಗಲು 35ರ ಮೇಲೆ ಹೋಗಿ, ರಾತ್ರಿಯೂ ತಣಿಯದೇ ಇದ್ದರೆ ಟೊಮೆಟೊದ ಪರಾಗ ಕೆಲಸಕ್ಕೆ ಬಾರದಾಗುತ್ತದೆ. ಕಾಯಿಯಾಗದ ಹೂವನ್ನು ಗಿಡ ತೊಟ್ಟಿನ ಗಂಟಿನಲ್ಲಿ ಕಳಚಿ ಕೆಳಗೆ ಹಾಕುತ್ತದೆ. ಹಳದಿ ಹೂವು ದಿನಾ ಬೆಳಿಗ್ಗೆ ಪೂಜೆಗೆ ಉದುರಿದ ಹಾಗೆ ಉದುರಿದವು. ಅಮ್ಮ ಒಂದನ್ನು ಎತ್ತಿ ನೋಡಿ, "ಇದಕ್ಕೆ ದೃಷ್ಟಿಯಾಗಿದೆ ಕಣೋ" ಅಂದಳು.

ದೃಷ್ಟಿಯ ಮಾತು ಹಾಗಿರಲಿ, ನಾದದ ಮಾತು ಮಾತ್ರ ನಿಜ. ಟೊಮೆಟೊ ಹೂವಿನಲ್ಲಿ ಗಂಡೂ ಹೆಣ್ಣೂ ಒಂದರಲ್ಲೇ ಇವೆ; ಆದರೆ ಪರಾಗ ಮುಚ್ಚಿದ ಕೊಳವೆಯೊಳಗೆ, ಉಪ್ಪಿನ ಡಬ್ಬಿಯೊಳಗಿನ ಉಪ್ಪಿನಂತೆ ಕೂತಿರುತ್ತದೆ. ಅಲುಗಿಸಿದರಷ್ಟೇ ಉದುರೀತು. ಜೇನುಹುಳುವಿಗೆ ಆ ವಿದ್ಯೆ ಬರುವುದಿಲ್ಲ. ಮರ ಕೊರೆಯುವ ಕರಿ ಭ್ರಮರ, ನೀಲಿ ಪಟ್ಟೆಯ ಒಂಟಿ ಜೇನು, ಇಂಥವು ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುವನ್ನು ಮಾತ್ರ ಮಿಡಿದು 'ಝೂಂ' ಎಂದು ಶ್ರುತಿ ಹಿಡಿಯುತ್ತವೆ. ಆ ಕಂಪನಕ್ಕೆ ಪರಾಗ ಸುರಿಯುತ್ತದೆ. ನಮ್ಮ ಬೀದಿಯಲ್ಲಿ ಭ್ರಮರಗಳಿಗೆ ಮನೆಯಾಗಬಲ್ಲ ಒಣಮರ ಉಳಿದಿಲ್ಲ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಹತ್ತರ ಸುಮಾರಿಗೆ, ಹೂವಿನ ತೊಟ್ಟಿಗೆ ತಂಬೂರಿಯ ತಂತಿ ಮೀಟಿದಷ್ಟು ಹಗುರವಾಗಿ ಬೆರಳು ತಾಗಿಸುವುದು. ಮಗಳು ತನ್ನ ಬ್ಯಾಟರಿ ಹಲ್ಲುಜ್ಜುವ ಬ್ರಷ್ಷನ್ನು ಹೂವಿನ ಹಿಂದೆ ಹಿಡಿದು ನನಗಿಂತ ಚೆನ್ನಾಗಿ ಶ್ರುತಿ ಸೇರಿಸಿದಳು. ಏಪ್ರಿಲ್‌ನ ಬಿಸಿಲಿನ ಮುಂದೆ ಮಾತ್ರ ಇಬ್ಬರ ಸಂಗೀತವೂ ನಡೆಯಲಿಲ್ಲ.

ಎರಡನೆಯ ವರ್ಷ ಕಾಲ ನೋಡಿ ಜುಲೈಗೆ ಬಿತ್ತಿದೆ. ನಾಲ್ಕು ಗಿಡ. ಎರಡು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್', ಎಲೆ ಮುರುಟು, ಸೊರಗು, ಅಂಗಮಾರಿ ಎಂಬ ಮೂರು ರೋಗ ತಡೆಯಲೆಂದೇ ತಯಾರಾದ ಮಿಶ್ರತಳಿ. ಇನ್ನೆರಡು ಒಂದೇ ಪೊಟ್ಟಣದ ನಾಟಿ. ಗೊಜ್ಜಿಗೆ ನಾಟಿಯೇ ಆಗಬೇಕಲ್ಲ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಸಮ ಬೆರೆಸಿ ಚೀಲ ತುಂಬಿಸಿದೆ. ಕೊನೆಯ ಚೀಲಕ್ಕೆ ಮಣ್ಣು ಸಾಲದೆ ಪಕ್ಕದ ಖಾಲಿ ಸೈಟಿನಿಂದ ಎರಡು ಬಾಂಡ್ಲಿ ತಂದೆ. ಜಾಗ ಸಾಲದೆ ಒಂದು ನಾಟಿ ಗಿಡವನ್ನು ತುಳಸಿ ಕುಂಡಕ್ಕೆ ಒತ್ತಿಕೊಂಡೇ ಇಟ್ಟೆ. "ಅದರ ಮೈ ತಗುಲಿಸಬೇಡ" ಎಂದು ಅಮ್ಮ ಗೊಣಗಿ, ಒಂದು ಗೇಣು ಆಚೆ ಸರಿಸಿದಳು.

ಆ ವರ್ಷ ಕಾಯಿ ಕಚ್ಚಿತು. ಗೋಲಿಯಷ್ಟಾಯಿತು, ನಿಂಬೆಯಷ್ಟಾಯಿತು. ಆಮೇಲೆ ಒಂದು ದಿನ ಕಾಯಿಯ ತಳದಲ್ಲಿ ಕಾಸಗಲ ಕಪ್ಪು ಕಲೆ. ಎರಡು ದಿನಕ್ಕೆ ಅದು ಚಪ್ಪಟೆಯಾಗಿ, ಚರ್ಮದ ಹಾಗೆ ಗಟ್ಟಿಯಾಗಿ ಒಳಕ್ಕೆ ಕುಸಿಯಿತು. ಮೇಲಿನಿಂದ ನೋಡಿದರೆ ಲಕ್ಷಣವಾದ ಕಾಯಿ, ತಿರುಗಿಸಿದರೆ ಕರಕಲು ತಳದ ಪಾತ್ರೆ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಬೀದಿಯೆಲ್ಲ ವೈದ್ಯರಾಗುವುದು ನಮ್ಮ ವಾಡಿಕೆ. ಗಿಡಕ್ಕೂ ಆ ಮರ್ಯಾದೆ ಸಿಕ್ಕಿತು. ಹುಳಿ ಮಜ್ಜಿಗೆ ಹಾಕಿ ಅಂದರು ಒಬ್ಬರು, ಬೂದಿ ಅಂದರು ಇನ್ನೊಬ್ಬರು. ಬೀಡಿ ಬಿಡದ ನಮ್ಮ ಪ್ಲಂಬರು ಹೊಗೆಸೊಪ್ಪಿನ ಕಷಾಯ ಎಂದ. ಆ ಕೈಯಿಂದ ಗಿಡ ಮುಟ್ಟಬೇಡಪ್ಪಾ ಎಂದು ಅವನನ್ನು ದೂರ ನಿಲ್ಲಿಸಿದೆ. ಹೊಗೆಸೊಪ್ಪೂ ಟೊಮೆಟೊದ ಬಳಗವೇ, ಬೀಡಿ ಮುಟ್ಟಿದ ಬೆರಳಿನಿಂದ ಅದರ ಮೊಸಾಯಿಕ್ ವೈರಸ್ಸು ಗಿಡಕ್ಕೆ ದಾಟಬಲ್ಲದು. ಆಫೀಸಿನ ಗೆಳೆಯ ಮಾತ್ರ ಖಚಿತವಾಗಿ ಹೇಳಿದ: "ಕ್ಯಾಲ್ಸಿಯಂ ಕೊರತೆ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕು."

ಮೊಟ್ಟೆಯ ಚಿಪ್ಪು! ನಮ್ಮ ಮನೆಯಲ್ಲಿ! ತುಳಸಿಯ ಪಕ್ಕದಲ್ಲಿ! ಆದರೂ ಮಕ್ಕಳ ಕಾಯಿಲೆಗೆ ತಂದೆತಾಯಿ ಏನು ತಾನೆ ಮಾಡುವುದಿಲ್ಲ? ಎದುರುಮನೆಯ ಯಜಮಾನರ ಸೊಸೆಯ ಹತ್ತಿರ ಗುಟ್ಟಾಗಿ ಕೇಳಿದೆ. ಆಕೆ ನಗು ತಡೆದುಕೊಂಡು ಒಂದು ವಾರದ ಚಿಪ್ಪನ್ನು ಹಳೆಯ ಪೇಪರಿನಲ್ಲಿ ಕಟ್ಟಿ ಗೇಟಿನ ಬಳಿ ಕೊಟ್ಟರು. ಅಮ್ಮ ಮಧ್ಯಾಹ್ನ ಮಲಗಿದಾಗ ತಾರಸಿಯಲ್ಲಿ ಕೂತು ಕಲ್ಲಿನಲ್ಲಿ ಜಜ್ಜಿದೆ. ತುಳಸಿ ಪಕ್ಕದ ಚೀಲವೊಂದನ್ನು ಬಿಟ್ಟು ಮೂರಕ್ಕೂ ಉದುರಿಸಿದೆ. ಅದು ಭಯವೋ ಭಕ್ತಿಯೋ ನನಗೇ ಗೊತ್ತಿಲ್ಲ. ಮರುದಿನ ಅಮ್ಮ ಕೇಳಿದಳು: "ಅದೇನೋ ಬೆಳ್ಳಗೆ, ರಂಗೋಲಿ ಪುಡಿ ಚೆಲ್ಲಿದೆಯಾ?" ಹೌದು ಅಂದೆ. ಐವತ್ತು ದಾಟಿದ ಮೇಲೆ ಅಮ್ಮನಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಒಂದು ಟೊಮೆಟೊಗಾಗಿ.

ಸುಳ್ಳೂ ಫಲ ಕೊಡಲಿಲ್ಲ. ಮುಂದಿನ ಗೊಂಚಲಿನ ತಳವೂ ಕಪ್ಪಾಯಿತು. ಯಜಮಾನರನ್ನು ಮತ್ತೆ ಕರೆದೆ. ಅವರು ಚಿಪ್ಪಿನ ಚೂರನ್ನು ಚಪ್ಪಲಿಯ ತುದಿಯಿಂದ ಸರಿಸಿ, "ಇದು ಕರಗೋಕೆ ವರ್ಷಗಟ್ಟಲೆ ಬೇಕು ಸಾರ್" ಅಂದರು. ಆಮೇಲೆ ನಾಲ್ಕು ಗಿಡವನ್ನೂ ಸುತ್ತಿ ಬಂದು, ತುಳಸಿಯ ಪಕ್ಕದ ನಾಟಿ ಗಿಡದ ಮುಂದೆ ಕೂತು, ಒಂದೊಂದೇ ಕಾಯಿ ತಿರುಗಿಸಿದರು. ಎಲ್ಲದರ ತಳವೂ ಹಸಿರಾಗಿ, ನುಣ್ಣಗೆ ಇತ್ತು. ಒಂದೂ ಕಲೆಯಿಲ್ಲ.

"ಇದಕ್ಕೆ ಯಾರು ನೀರು ಹಾಕೋದು?"

ನಾನೇ ಎನ್ನಲು ಬಾಯಿ ತೆರೆದೆ. ಆಗ ಹೊಳೆಯಿತು. ಅಮ್ಮ ದಿನಾ ಬೆಳಿಗ್ಗೆ ಆರೂವರೆಗೆ ಹಿತ್ತಾಳೆ ಚೊಂಬಿನ ತುಂಬ ನೀರು ಹಿಡಿದು ಹತ್ತಿ ಬರುತ್ತಾಳೆ. ತುಳಸಿಗೆ ಹೆಚ್ಚು ನೀರಾದರೆ ಬೇರು ಕೊಳೆಯುತ್ತದೆಂದು ಸ್ವಲ್ಪವೇ ಎರೆದು, ಪ್ರದಕ್ಷಿಣೆ ಹಾಕಿ, ಮಿಕ್ಕಿದ್ದನ್ನು ಪಕ್ಕದ ಚೀಲಕ್ಕೆ ಸುರಿದು ಇಳಿಯುತ್ತಾಳೆ. ತುಂಬಿದ ಚೊಂಬನ್ನು ವಾಪಸು ಒಯ್ಯಬಾರದಲ್ಲ. ಸಂಜೆ ದೀಪಕ್ಕೆ ಬಂದಾಗ ಇನ್ನೊಮ್ಮೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ನಾನೋ? ಎರಡು ದಿನ ಮರೆಯುತ್ತಿದ್ದೆ, ಮೂರನೆಯ ದಿನ ನೆನಪಾಗಿ ಬಕೆಟ್ಟನ್ನೇ ಸುರಿಯುತ್ತಿದ್ದೆ. ನನ್ನ ಗಿಡಗಳಿಗೆ ಎರಡು ದಿನ ಏಕಾದಶಿ, ಆಮೇಲೆ ದ್ವಾದಶಿ ಪಾರಣೆ.

ಮಣ್ಣಿನಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಬೇಕಾದಷ್ಟು ಇರುತ್ತದೆ. ಆದರೆ ಅದು ತಾನಾಗಿ ನಡೆಯದು, ನೀರಿನ ಹೆಗಲೇರಿಯೇ ಹೋಗಬೇಕು. ನೀರು ಎಲ್ಲಿ ಹೆಚ್ಚು ಆವಿಯಾಗುತ್ತದೋ ಅಲ್ಲಿಗೇ ಓಡುತ್ತದೆ, ಅಂದರೆ ಎಲೆಗಳಿಗೆ. ಹಣ್ಣು ಬೆವರುವುದು ಕಡಿಮೆ. ಅದರ ತಳವಂತೂ ಪಂಕ್ತಿಯ ಕಟ್ಟಕಡೆಯ ಎಲೆ. ಬಡಿಸುವವನು ನಡುವೆ ನಿಂತುಬಿಟ್ಟರೆ ಮೊದಲು ಉಪವಾಸ ಬೀಳುವುದು ಅಲ್ಲಿ ಕೂತವನೇ. ಎರೆಗೊಬ್ಬರ, ಹಿಂಡಿ ನೀರು ಎಂದು ನಾನು ಮೇಲೆ ಮೇಲೆ ತಿನ್ನಿಸಿದ್ದೂ ತಪ್ಪಾಗಿತ್ತು. ಸೊಪ್ಪು ಹುಲುಸಾಗಿ, ಪಂಕ್ತಿಯ ಮೊದಲಲ್ಲೇ ಹೊಟ್ಟೆಬಾಕರು ತುಂಬಿದ್ದರು. ಯಜಮಾನರು ಕಂಕುಳ ಚಿಗುರುಗಳನ್ನು ಚಿವುಟಿ, ಚೀಲದ ಮೇಲೆ ಒಣ ಎಲೆಯ ಹೊದಿಕೆ ಹಾಸಿಸಿ, "ಔಷಧಿ ಏನೂ ಬೇಡ ಸಾರ್. ನಿಮ್ಮ ಅಮ್ಮನವರ ಟೈಮ್ ಟೇಬಲ್ ಸಾಕು" ಎಂದು ಹೋದರು. ಹೊಸ ಗೊಂಚಲುಗಳ ತಳ ಆಮೇಲೆ ಕಪ್ಪಾಗಲಿಲ್ಲ. ಸುರಿಮಳೆಗೆ ಒಣ ಮಣ್ಣು ಒಮ್ಮೆಲೇ ನೀರು ಕುಡಿದು ಹಣ್ಣು ಬಿರಿಯುತ್ತದಲ್ಲ, ಅದಕ್ಕೂ ಇದೇ ಮದ್ದು ಎಂದು ಮೆಲ್ಲಗೆ ತಿಳಿಯಿತು.

ಇದನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ವಿಶೇಷವೇನೂ ಅನಿಸಲಿಲ್ಲ. "ನಾನೆಲ್ಲಿ ಅದಕ್ಕೆ ಹಾಕಿದೆ? ತುಳಸಿಗೆ ಹಾಕಿದ್ದು, ಉಳಿದದ್ದು ಹೋಯ್ತು" ಅಂದಳು. ಮಡಿಯಲ್ಲಿದ್ದವಳು ಚಪ್ಪರಬದನೆಯನ್ನು ಸಾಕಿದಳೆಂಬ ಮಾತು ಹೊರಗೆ ಹೋಗಬಾರದೆಂಬ ಎಚ್ಚರಿಕೆಯಿರಬಹುದು.

ಎಲ್ಲ ಕಾಯಿಲೆಯೂ ನೀರಿನದಲ್ಲ. ಸೈಟಿನ ಮಣ್ಣು ಹಾಕಿದ್ದ ಇನ್ನೊಂದು ನಾಟಿ ಗಿಡ ಅಕ್ಟೋಬರಿನಲ್ಲಿ ಹಸಿರು ಹಸಿರಾಗಿಯೇ ಬಾಡಿತು. ಬೆಳಿಗ್ಗೆ ಚೇತರಿಸಿಕೊಳ್ಳುವುದು, ಮಧ್ಯಾಹ್ನ ಜೋಲುವುದು, ಮೂರನೆಯ ದಿನ ಏಳಲೇ ಇಲ್ಲ. "ಒಂದು ಗಾಜಿನ ಲೋಟದಲ್ಲಿ ನೀರು ತನ್ನಿ" ಅಂದರು ಯಜಮಾನರು. ಕಾಂಡವನ್ನು ಬುಡದಲ್ಲಿ ಕೊಯ್ದು ನೀರಿಗೆ ತಾಗಿಸಿ ಹಿಡಿದರು. ಸ್ವಲ್ಪ ಹೊತ್ತಿಗೆ ಕೊಯ್ದ ಬಾಯಿಯಿಂದ ಹಾಲಿನೆಳೆಯಂಥದ್ದೊಂದು ನಿಧಾನ ಇಳಿಯತೊಡಗಿತು. ಅಷ್ಟೂ ಬ್ಯಾಕ್ಟೀರಿಯಾ. ಸೊರಗು ರೋಗ. ನೀರಿನ ನಾಳವನ್ನೇ ಒಳಗಿಂದ ಕಟ್ಟಿಹಾಕುವ ಅದಕ್ಕೆ ನೀರೆರೆದು ಪ್ರಯೋಜನವಿಲ್ಲ. ಗಿಡ, ಮಣ್ಣು ಎರಡೂ ಆಚೆಗೆ. ಆ ಚೀಲದಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಕೂಡದು. ನೋಡಲು ಅದು ಎಷ್ಟು ಸುಂದರವಾಗಿತ್ತೆಂದರೆ ಇಬ್ಬರೂ ಲೋಟವನ್ನು ಬೆಳಕಿಗೆ ಹಿಡಿದು ಸುಮ್ಮನೆ ನಿಂತಿದ್ದೆವು. ಮೂವತ್ತು ವರ್ಷದಲ್ಲಿ ಅವರು ಎಷ್ಟು ಎಕರೆಯನ್ನು ಆ ಲೋಟದಲ್ಲಿ ಕಂಡಿದ್ದರೋ ನಾನು ಕೇಳಲಿಲ್ಲ. ನನಗೆ ಹೋದದ್ದು ಒಂದು ಗಿಡ.

ತುಳಸಿ ಪಕ್ಕದ ಗಿಡದ ಮೊದಲ ಮೂರು ಹಣ್ಣು ಅಳಿಲಿಗೆ ಹೋಯಿತು. ಇವತ್ತು ಕೆಂಪಾಗಿದೆ, ನಾಳೆ ಕೀಳೋಣ ಎಂದುಕೊಂಡರೆ ಆ ನಾಳೆ ಅಳಿಲಿನದು. ಅಮ್ಮ ಹಳೆಯ ಸೀರೆಯ ತುಂಡು ಕಟ್ಟಿದಳು, ಕೋಲು ಹಿಡಿದು ಕಾದಳು, ಅದರ ವಂಶವನ್ನೆಲ್ಲ ಬೈದಳು. "ರಾಮ ಬೆನ್ನು ಸವರಿದ್ದೇ ತಪ್ಪಾಯ್ತು" ಎಂದೂ ಅಂದಳು. ಇದಕ್ಕೂ ಯಜಮಾನರ ಬಳಿ ಉತ್ತರವಿತ್ತು. ಕಾಯಿಯ ತಳದಲ್ಲಿ ಗುಲಾಬಿ ಛಾಯೆ ಮೂಡಿತೆಂದರೆ ಗಿಡ ಅದಕ್ಕೆ ಕೊಡಬೇಕಾದದ್ದನ್ನೆಲ್ಲ ಕೊಟ್ಟಾಯಿತು. ಕಿತ್ತು ಒಳಗಿಟ್ಟರೆ ರುಚಿಗೆ ಮೋಸವಿಲ್ಲದೆ ಹಣ್ಣಾಗುತ್ತದೆ. ಬಿಸಿಲಿಗಿಡುವುದೂ ಬೇಡ, ಫ್ರಿಜ್ಜಿಗಂತೂ ಬೇಡವೇ ಬೇಡ.

ಹಾಗೆ ಕಾರ್ತಿಕದಲ್ಲಿ ಒಂದು ಸಂಜೆ ಒಂಬತ್ತು ನಾಟಿ ಹಣ್ಣು ಕಿತ್ತು ಒಳಗೆ ತಂದೆ. ಅಪ್ಪನ ತಿಥಿಗೆ ನಾಲ್ಕು ದಿನವಿತ್ತು. ನಡುಮನೆಯ ಕಪಾಟಿನ ಮೇಲೆ ತಟ್ಟೆಯಲ್ಲಿಟ್ಟೆ. ಎರಡು ದಿನದ ಮೇಲೆ ಅದೇ ಕಪಾಟಿನ ಮೇಲೆ ತಿಥಿಯ ಬಾಳೆಹಣ್ಣಿನ ಚಿಪ್ಪುಗಳೂ ಬಂದು ಕೂತವು. ಮಾಗುವ ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಪಕ್ಕದ ಹಣ್ಣನ್ನೂ ಮಾಗಿಸುತ್ತದೆ. ಮಡಿಗೆ ಸಲ್ಲುವ ಹಣ್ಣು ಮಡಿಗೆ ಸಲ್ಲದ ಹಣ್ಣಿನ ಕಿವಿಯಲ್ಲಿ ರಾತ್ರಿಯೆಲ್ಲ ಏನೋ ಹೇಳಿರಬೇಕು, ತಿಥಿಯ ಬೆಳಿಗ್ಗೆ ನೋಡಿದರೆ ಒಂಬತ್ತೂ ಕುಂಕುಮದ ಹಾಗಿದ್ದವು.

ಅಂದು ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ, ಉದ್ದಿನ ವಡೆ, ಎಳ್ಳುಂಡೆ, ಪಾಯಸ ಎಲ್ಲ ಆಯಿತು. ಖಾರಕ್ಕೆ ಕಾಳುಮೆಣಸು, ಹುಳಿಗೆ ಹುಣಿಸೆ. ಅಪ್ಪ ಬದುಕಿದ್ದಾಗ ಹಾಗಲಕಾಯಿಯನ್ನು ಎಲೆಯ ತುದಿಗೆ ಸರಿಸುತ್ತಿದ್ದವರು. ವರ್ಷಕ್ಕೊಮ್ಮೆ ಅವರಿಗಾಗಿ ಮಾಡುವ ಅಡುಗೆಯಲ್ಲಿ ಅವರಿಗೆ ಬೇಡವಾದದ್ದೆಲ್ಲ ಇತ್ತು, ಬೇಕಾಗಿದ್ದದ್ದು ನಡುಮನೆಯ ಕಪಾಟಿನ ಮೇಲೆ ಕಾದಿತ್ತು. ಪಿಂಡ ಇಟ್ಟು 'ಕಾ ಕಾ' ಎಂದು ಕರೆದಾಗ ಕಾಗೆ ತಡ ಮಾಡಿತು. ಪುರೋಹಿತರು ಗಡಿಯಾರ ನೋಡಿದರು. ಅಮ್ಮ ಕಪಾಟಿನ ಕಡೆ ಒಮ್ಮೆ ನೋಡಿದಳು. ನಾನು ನೋಡಿದ್ದನ್ನು ಅವಳು ನೋಡಲಿಲ್ಲ.

ಮರುದಿನ ಎದ್ದಾಗ ಮನೆಯೆಲ್ಲ ಇಂಗಿನ ಒಗ್ಗರಣೆಯ ಘಮ. ಬಾಣಲೆಯಲ್ಲಿ ಗೊಜ್ಜು ಎಣ್ಣೆ ಬಿಡುತ್ತಿತ್ತು. ಅಮ್ಮ ಒಲೆ ಸಣ್ಣ ಮಾಡಿ, ಚೊಂಬು ಹಿಡಿದು ಮೆಟ್ಟಿಲು ಹತ್ತಿದಳು. ಇನ್ನೊಂದು ಕೈಯಲ್ಲಿ ಬಾಳೆಲೆಯ ಚೂರು, ಅದರ ಮೇಲೆ ಏನೋ ಕೆಂಪಗೆ. ನಾನು ನೀರಿನ ಕ್ಯಾನು ಹಿಡಿದು ಹಿಂದೆಯೇ ಹತ್ತಿದೆ. ತುಳಸಿಗೆ ಎರೆದಳು, ಉಳಿದದ್ದನ್ನು ಪಕ್ಕಕ್ಕೆ ಸುರಿದಳು. ಆಮೇಲೆ ಆ ಎಲೆಯನ್ನು ತಾರಸಿಯ ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

ಗಂಟೆ ಆರೂವರೆ. ನಾನು ನನ್ನ ಎರಡು ಚೀಲಕ್ಕೆ ನೀರು ಹಾಕುತ್ತಾ ನಿಂತೆ. ಎಲೆ ಅಳಿಲಿಗೋ ಕಾಗೆಗೋ ಎಂದು ಕೇಳಲಿಲ್ಲ.